ಆಕಾಶದ ದೂರವೂ ಘಟ್ಟದ ದೂರವೂ

ಬೆಂಗಳೂರಿಗೂ ಅಮೆರಿಕೆಯ ಪಶ್ಚಿಮತೀರದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವೆ ಆಕಾಶಮಾರ್ಗದ ದೂರವು ಸುಮಾರು ೧೪,೦೦೦ ಕಿಲೋಮೀಟರು. ಎಲ್ಲಿಯೂ ಇಳಿಯದೆ ಈ ದೂರವನ್ನು ಒಂದೇ ಹಾರಾಟದಲ್ಲಿ ದಾಟುವ ಸಂಚಾರವನ್ನು ಏರ್ ಇಂಡಿಯಾ ಸಂಸ್ಥೆಯವರು ೨೦೨೧ನೆಯ ಇಸವಿ ಜನವರಿ ತಿಂಗಳಲ್ಲಿ ಆರಂಭಿಸಿದಾಗ ಅದಕ್ಕೆ ಹಿಡಿದ ಕಾಲವು ಹೆಚ್ಚುಕಡಿಮೆ ಹದಿನೇಳು ಗಂಟೆ. ಮಡಿಕೇರಿಯಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು ೩೦೦ ಕಿಲೋಮೀಟರು. ಅದಕ್ಕೆ ಹಿಡಿಯುವ ಕಾಲವು ಆರೇಳು ಗಂಟೆ. ಈ ಎರಡು ಲೆಕ್ಕಗಳನ್ನು ವಾಚಕರು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಬೇಕೆಂದು ನಮ್ಮ ಕೋರಿಕೆ. ಕೊಡಗಿನ ಪ್ರಯಾಣಿಕನ ಪಾಲಿಗೆ ಲೋಕದ ಆಚೆಯ ಮಗ್ಗುಲು ವರ್ಷವರ್ಷಕ್ಕೂ ಹತ್ತಿರ ಬಂದಿದೆ; ತನ್ನ ಮನೆಯ ಬಾಗಿಲು ಮಾತ್ರ ಇದ್ದಲ್ಲಿಯೇ ಇದೆ, ಮಳೆಗಾಲದಲ್ಲಿ ಇನ್ನೂ ದೂರ ಸರಿಯುತ್ತದೆ. ಈ ವಿಚಿತ್ರಕ್ಕೆ ಕಾರಣವೇನು, ಪರಿಹಾರವೇನು ಎಂಬುದೇ ಇಂದಿನ ನಮ್ಮ ವಿಷಯ.

ಮೊದಲು ದೂರದ ಮಾತು. ಶಾಲೆಯ ಗೋಡೆಯ ಮೇಲಿನ ಭೂಪಟವನ್ನು ನೋಡಿದವರು, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ವಿಮಾನವು ಪೂರ್ವಕ್ಕೆ ತಿರುಗಿ ಶಾಂತಸಾಗರವನ್ನು ಅಡ್ಡಲಾಗಿ ದಾಟುವುದೆಂದು ಎಣಿಸುವುದು ಸಹಜ. ಆದರೆ ಭೂಮಿ ಚಪ್ಪಟೆಯಲ್ಲ, ಗೋಲವಾದುದು. ಗೋಲದ ಮೇಲೆ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಆ ದಾರವು ಸಾಗರದ ನಡುವೆ ಹೋಗದೆ ಉತ್ತರಕ್ಕೆ ಏರಿ, ಸೈಬೀರಿಯ ಅಲಾಸ್ಕಗಳ ಕಡೆಯ ಹಿಮಪ್ರದೇಶವನ್ನು ಮುಟ್ಟಿ, ಮತ್ತೆ ದಕ್ಷಿಣಕ್ಕೆ ಇಳಿಯುತ್ತದೆ. ಊರುಗಳೆರಡೂ ಭೂಗೋಲದ ಎದುರುಬದುರು ಮಗ್ಗುಲುಗಳಲ್ಲಿರುವುದರಿಂದ ಉತ್ತರದ ನೆತ್ತಿಯ ಕಡೆಯ ಹಾದಿಯೇ ಹತ್ತಿರದ ಹಾದಿ. ೨೦೨೧ರ ಜನವರಿ ೯ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಮೊದಲನೆಯ ವಿಮಾನವು ಉತ್ತರ ಧ್ರುವದ ಮೇಲಿಂದಲೇ ಹಾರಿಬಂದು ೧೧ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲರ ನಾಯಕತ್ವದಲ್ಲಿ ಅದನ್ನು ನಡೆಸಿದ ಚಾಲಕರೆಲ್ಲರೂ ಸ್ತ್ರೀಯರು. ದೇಶವು ಹೆಮ್ಮೆಪಟ್ಟ ಸಂಗತಿಯಿದು. ಹೆಮ್ಮೆಪಡತಕ್ಕ ಸಂಗತಿಯೇ ಹೌದು.

ಇನ್ನು ಕಾಲದ ಮಾತು. ೯ರ ರಾತ್ರಿ ಹೊರಟು ೧೧ರ ನಸುಕಿನಲ್ಲಿ ಬಂದಿತೆಂದರೆ ಎರಡು ದಿನದ ಪ್ರಯಾಣವಾಯಿತೆ? ಇಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದರಿಂದ ಪಂಚಾಂಗದಲ್ಲಿ ಒಂದು ದಿನವೇ ಮಾಯವಾದಂತೆ ತೋರುವುದು. ಹೋಗುವ ಕಾಲವೂ ಬರುವ ಕಾಲವೂ ಒಂದೇ ಆಗಿರಬೇಕೆಂಬ ನಿಯಮವೂ ಇಲ್ಲ. ಮೇಲಣ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿಯ ಹೊನಲುಗಳುಂಟು; ಅವು ಬೆನ್ನಿಗೆ ಬಂದರೆ ಪ್ರಯಾಣ ಮೊಟಕು, ಎದುರಿಗೆ ಬಂದರೆ ದೀರ್ಘ. ರಾಜಕೀಯದ ಗಾಳಿಯಂತೂ ಇದಕ್ಕಿಂತ ಬಲವಾದುದು. ೨೦೨೨ರಲ್ಲಿ ಉಕ್ರೇನಿನ ಯುದ್ಧ ಹತ್ತಿಕೊಂಡ ಮೇಲೆ ರಷ್ಯವು ಯುರೋಪು ಅಮೆರಿಕೆಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಪಹಲ್ಗಾಮಿನ ಹತ್ಯೆಯ ತರುವಾಯ ೨೦೨೫ರ ಏಪ್ರಿಲಿನಲ್ಲಿ ಪಾಕಿಸ್ತಾನವು ನಮ್ಮ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಆಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದ ಕಡೆಯಿಂದ ಸುತ್ತಿಹೋಗಬೇಕಾಯಿತು, ಅಮೆರಿಕೆಗೆ ನೇರವಾಗಿ ಹೋಗುತ್ತಿದ್ದ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಬೇಕಾಯಿತು. ಊರು ಕದಲಲಿಲ್ಲ, ಭೂಮಿ ಹಿಗ್ಗಲಿಲ್ಲ. ದೂರ ಮಾತ್ರ ಹೆಚ್ಚಿತು. ದೂರವೆಂಬುದು ಅಳತೆಗೋಲೊಂದರಿಂದಲೇ ತೀರ್ಮಾನವಾಗುವ ವಸ್ತುವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ದಾರಿ ತೆರೆದಿದೆಯೆ, ಮುಚ್ಚಿದೆಯೆ ಎಂಬುದೂ ಅದನ್ನು ತೀರ್ಮಾನಿಸುತ್ತದೆ.

ಹಾಗಿದ್ದರೂ ಆಕಾಶದಲ್ಲಿ ಮನುಷ್ಯನು ಸಾಧಿಸಿದ್ದು ಅಲ್ಪವಲ್ಲ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯ ಚೀಲಗಳನ್ನು ಹಾರಿಸಿ ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟರು ಅವನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. ೧೯೪೮ರ ಜೂನ್ ೮ರಂದು ಮುಂಬಯಿ ಬಿಟ್ಟ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ಮೊದಲ ವಿಮಾನವು ಕೈರೋ ಜಿನೀವಗಳಲ್ಲಿ ಇಳಿದು ೧೦ರಂದು ಲಂಡನ್ ನಗರವನ್ನು ಸೇರಿತು. ಇಂದು ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು ೮,೦೦೦ ಕಿಲೋಮೀಟರು. ನೇರವಾಗಿ ಹಾರಿದರೆ ಹತ್ತು ಹನ್ನೊಂದು ಗಂಟೆ. ಬೆಳಿಗ್ಗೆ ಇಲ್ಲಿ ಉಂಡವನು ರಾತ್ರಿ ಅಲ್ಲಿ ಉಣ್ಣಬಹುದು. ಪುರಾಣದ ಪುಷ್ಪಕವನ್ನು ನಮ್ಮ ಕಾಲದವರು ಟಿಕೆಟ್ಟಿನ ಬೆಲೆಗೆ ಇಳಿಸಿದ್ದಾರೆ.

ಆದರೆ ವಿಮಾನ ಸಂಸ್ಥೆಗಳು ಪ್ರಕಟಿಸುವ ಕಾಲವು ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ. ಸಂಸಾರಿಗನ ಲೆಕ್ಕವು ಹೊಸ್ತಿಲಿನಿಂದ ಹೊಸ್ತಿಲಿಗೆ. ನಮ್ಮ ಹಿರಿಯರನ್ನು "ಆ ಊರು ಎಷ್ಟು ದೂರ?" ಎಂದು ಕೇಳಿದರೆ "ಒಂದು ಹೊತ್ತಿನ ದಾರಿ" ಎನ್ನುತ್ತಿದ್ದರು, "ಅರ್ಧ ದಿನದ ದಾರಿ" ಎನ್ನುತ್ತಿದ್ದರು. ಹರದಾರಿ ಗಾವುದಗಳ ಲೆಕ್ಕ ಅವರಿಗೆ ತಿಳಿಯದೆ ಇರಲಿಲ್ಲ. ಬಯಲಿನ ಹರದಾರಿ ಬೇರೆ, ಘಟ್ಟದ ಹರದಾರಿ ಬೇರೆ, ಆಷಾಢದ ಹರದಾರಿ ಇನ್ನೂ ಬೇರೆ ಎಂಬುದನ್ನು ಅವರು ಕಾಲಿನಿಂದ ಕಲಿತಿದ್ದರು. ಆ ಹಳೆಯ ಕ್ರಮದಿಂದಲೇ ನಾವೂ ಎಣಿಸೋಣ. ಮಡಿಕೇರಿಯಿಂದ ಹೊರಟವನಿಗೆ ರಸ್ತೆಯ ಮೇಲೆ ಏಳು ಗಂಟೆ, ನಿಲ್ದಾಣದ ತಪಾಸಣೆ ಕಾಯುವಿಕೆಗಳಿಗೆ ಮೂರು ಗಂಟೆ, ಆಕಾಶದಲ್ಲಿ ಹದಿನೇಳು ಗಂಟೆ, ಒಟ್ಟು ಇಪ್ಪತ್ತೇಳು. ದೂರದಲ್ಲಿ ಐವತ್ತರಲ್ಲೊಂದು ಪಾಲಿನಷ್ಟಿರುವ ರಸ್ತೆಯು ಕಾಲದಲ್ಲಿ ನಾಲ್ಕರಲ್ಲೊಂದು ಪಾಲನ್ನು ನುಂಗಿತು. ಇದು ಆಕಾಶ ತಿಳಿಯಾಗಿ ರಸ್ತೆ ಒಣಗಿರುವ ದಿನದ ಲೆಕ್ಕವೆಂಬುದನ್ನು ಮರೆಯಬಾರದು.

ಈ ಏಳು ಗಂಟೆಗಳನ್ನು ಬಿಡಿಸಿ ನೋಡಿದರೆ ತಿಳಿಯುವುದೇನು? ಹಿಂದೆ ಬೆಂಗಳೂರಿನ ವಿಮಾನ ನಿಲ್ದಾಣವು ಎಚ್.ಎ.ಎಲ್. ಬಳಿ ನಗರದಲ್ಲಿಯೇ ಇತ್ತು. ೨೦೦೮ರ ಮೇ ತಿಂಗಳಲ್ಲಿ ಅದು ಉತ್ತರದ ದೇವನಹಳ್ಳಿಗೆ ಹೋಯಿತು. ಮೈಸೂರು ರಸ್ತೆಯಿಂದ ಬರುವ ನಮ್ಮವರಿಗೆ ಮಹಾನಗರವನ್ನು ಪೂರ್ತಿ ದಾಟಿ ಆಚೆ ಹೋಗುವ ಕೆಲಸ ಸೇರಿಕೊಂಡಿತು. ೨೦೨೩ರ ಮಾರ್ಚ್ ೧೨ರಂದು ಪ್ರಧಾನಮಂತ್ರಿಗಳು ಬೆಂಗಳೂರು ಮೈಸೂರು ನಡುವಣ ೧೧೮ ಕಿಲೋಮೀಟರಿನ ಹೆದ್ದಾರಿಯನ್ನು ಉದ್ಘಾಟಿಸಿದರು. ಮೂರು ಗಂಟೆಯ ದಾರಿ ಅದರಿಂದ ಒಂದೂವರೆ ಗಂಟೆಗೆ ಇಳಿಯಿತೆಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಅದೇ ದಿನ ಮೈಸೂರಿನಿಂದ ಕುಶಾಲನಗರದವರೆಗಿನ ೯೨ ಕಿಲೋಮೀಟರಿನ ನಾಲ್ಕು ಸಾಲಿನ ರಸ್ತೆಗೆ ಅಡಿಗಲ್ಲೂ ಬಿದ್ದಿತು. ಆದರೆ ಈ ಏರ್ಪಾಟುಗಳೆಲ್ಲ ಕುಶಾಲನಗರದ ಕಾವೇರಿಯ ಸೇತುವೆಯ ಬಳಿಗೆ ಬಂದು ಮುಗಿಯುತ್ತವೆ. ಕೊಡಗಿನ ಬೆಟ್ಟಗಳು ಅಲ್ಲಿಂದ ಮುಂದೆ ಆರಂಭವಾಗುತ್ತವೆ.

ಬೆಂಗಳೂರಿನ ಮಾತೇಕೆ, ಹತ್ತಿರದ ನಿಲ್ದಾಣಗಳಿಲ್ಲವೆ ಎಂದು ಕೇಳುವವರುಂಟು. ಉಂಟು. ಮಂಗಳೂರು ಸುಮಾರು ೧೪೦ ಕಿಲೋಮೀಟರು; ನಡುವೆ ಸಂಪಾಜೆಯ ಘಟ್ಟ. ೨೦೧೮ರ ಡಿಸೆಂಬರ್ ೯ರಂದು ತೆರೆದ ಕಣ್ಣೂರಿನ ನಿಲ್ದಾಣವು ಮಟ್ಟನೂರಿನಲ್ಲಿ, ವಿರಾಜಪೇಟೆಯಿಂದ ಸುಮಾರು ೬೦ ಕಿಲೋಮೀಟರಿನಲ್ಲಿದೆ. ನಡುವೆ ಮಾಕುಟ್ಟದ ಘಟ್ಟ. ಮಡಿಕೇರಿಯಿಂದ ಮಟ್ಟನೂರಿಗೆ ನೇರ ಗೆರೆ ಎಳೆದರೆ ಸುಮಾರು ೬೦ ಕಿಲೋಮೀಟರು, ರಸ್ತೆಯಲ್ಲಿ ಅದರ ಒಂದೂವರೆಯಷ್ಟು. ಮಾಕುಟ್ಟದ ದಾರಿಯು ಬ್ರಹ್ಮಗಿರಿಯ ಕಾಡಿನೊಳಗೆ ಹಾದುಹೋಗಿ ರಾಜ್ಯದ ಗಡಿಯನ್ನು ದಾಟುವುದು. ಅದು ೨೦೧೮ರ ಮಳೆಯಲ್ಲಿ ಹಲವೆಡೆ ಕುಸಿಯಿತು. ೨೦೨೦ರ ಮಾರ್ಚಿನಲ್ಲಿ, ಮಹಾಮಾರಿಯ ಆರಂಭದಲ್ಲಿ, ಕೇರಳದ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ತಡೆಯೊಡ್ಡಿದಾಗ ಮಾಕುಟ್ಟವೂ ಮುಚ್ಚಿತು. ಲೋಕಕ್ಕೆ ರೋಗ ಬಂದಾಗ ಎಚ್ಚರಿಕೆ ತಪ್ಪಲ್ಲ. ಆದರೆ ನಮಗೆ ಅತಿ ಹತ್ತಿರದ ವಿಮಾನ ನಿಲ್ದಾಣವು ಒಂದು ಹೊರೆ ಮಣ್ಣಿನಿಂದ ಅತಿ ದೂರದ್ದಾಯಿತೆಂಬುದು ನೆನಪಿನಲ್ಲಿಡತಕ್ಕ ಮಾತು.

ಇದರಲ್ಲಿ ಪಣವಾಗಿರುವುದು ಪ್ರವಾಸಿಗರ ವಿನೋದವಲ್ಲ. ಕೊಡಗಿನ ಮನೆಮನೆಯ ಮಕ್ಕಳು ಸೈನ್ಯದಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿಯ ದೇಶಗಳಲ್ಲಿ, ಅಮೆರಿಕೆಯಲ್ಲಿ, ಆಸ್ಟ್ರೇಲಿಯದಲ್ಲಿ ಹರಡಿಕೊಂಡಿದ್ದಾರೆ. ತೋಟದ ನಡುವಣ ದೊಡ್ಡ ಮನೆಯಲ್ಲಿ ಇಬ್ಬರು ವೃದ್ಧರು ಉಳಿದಿರುತ್ತಾರೆ. ಹುತ್ತರಿಗೆ ಕದಿರು ಕೊಯ್ಯುವ ಮುಹೂರ್ತ ಇಂತಿಷ್ಟು ಗಂಟೆಗೆಂದು ಮೊದಲೇ ಗೊತ್ತಾಗುವುದು. ಆ ಹೊತ್ತಿಗೆ ಐನ್‌ಮನೆಯನ್ನು ಸೇರಬೇಕೆಂದು ಬಯಸುವವನು ತಿಂಗಳ ಮುಂಚೆ ಟಿಕೆಟ್ಟು ಕೊಂಡು, ಒಂದು ದಿನ ಮುಂಚಿತವಾಗಿ ಬಂದಾನು. ಹುತ್ತರಿ ಬರುವುದು ಮಳೆ ನಿಂತ ಮೇಲೆ. ಸಾವು ಮುಹೂರ್ತವನ್ನು ಕಳುಹಿಸುವುದಿಲ್ಲ. ಅದು ಕಕ್ಕಡದ ಮಳೆಯಲ್ಲಿಯೂ ಬರುವುದು, ನಡುರಾತ್ರಿಯಲ್ಲಿಯೂ ಬರುವುದು. ಮಗನು ಹದಿನೇಳು ಗಂಟೆಗಳಲ್ಲಿ ಅರ್ಧ ಭೂಮಂಡಲವನ್ನು ದಾಟಿ ಬಂದು, ಕೊನೆಯ ನೂರು ಕಿಲೋಮೀಟರಿನಲ್ಲಿ ಕುಸಿದ ಮಣ್ಣಿನ ಮುಂದೆ ನಿಲ್ಲಬೇಕಾದರೆ, ತಾಯಿಯ ಮುಖವನ್ನು ಕಾಣದೆ ಹೋದ ಆ ಮಗನಿಗೆ ವಿಮಾನದ ವೇಗವನ್ನು ವರ್ಣಿಸಿ ಹೇಳುವವರಾರು? ರೋಗಿಯ ಪಾಡೂ ಇದೇ. ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಸಾಗಿಸಬೇಕಾದ ರೋಗಿಗೆ ದೂರವೆಂದರೆ ಕಿಲೋಮೀಟರುಗಳಲ್ಲ, ಉಳಿದಿರುವ ಉಸಿರು.

ವಿಮಾನವೆಂಬುದು ಈ ನಾಡಿನವರಿಗೆ ಅಪರಿಚಿತವೂ ಅಲ್ಲ. ವಿಮಾನ ನಿಲ್ದಾಣವಾಗಲಿ ರೈಲಾಗಲಿ ಇಲ್ಲದ ಈ ಬೆಟ್ಟದ ನಾಡು ಭಾರತೀಯ ವಾಯುಪಡೆಗೆ ವೀರರನ್ನು ಕೊಟ್ಟಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪುತ್ರ, ಮುಂದೆ ಏರ್ ಮಾರ್ಷಲ್ ಪದವಿಗೇರಿದ ಕೆ. ಸಿ. ಕಾರ್ಯಪ್ಪನವರು ೧೯೬೫ರ ಯುದ್ಧದಲ್ಲಿ ವಿಮಾನವುರುಳಿ ಶತ್ರುವಿನ ಸೆರೆಯಾದವರು. ಅದೇ ಯುದ್ಧದಲ್ಲಿ, ಸೆಪ್ಟೆಂಬರ್ ೭ರಂದು, ಸರ್ಗೋಧಾದ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ತಮಗಿಂತ ವೇಗವಾದ ಶತ್ರುವಿಮಾನವನ್ನು ಎದುರಿಸಿ ಹಿಂದಿರುಗಲಿಲ್ಲ. ಆ ಕಾಳಗದ ನಿಜಸ್ಥಿತಿ ನಮ್ಮ ದೇಶಕ್ಕೆ ತಿಳಿಯಲು ವರ್ಷಗಳೇ ಹಿಡಿದವು. ೧೯೮೮ರಲ್ಲಿ, ಇಪ್ಪತ್ತಮೂರು ವರ್ಷಗಳ ಮೇಲೆ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವು ಸಂದಿತು. ಇಂಥವರನ್ನು ಕಳುಹಿಸಿಕೊಟ್ಟ ಮನೆಗಳು ದೇಶವನ್ನು ಕೇಳಬಹುದಾದುದು ಬಹಳವಿಲ್ಲ. ರಜೆಯ ಮೇಲೆ ಬರುವ ಸೈನಿಕನು ತನ್ನ ರಜೆಯ ದಿನಗಳನ್ನು ಘಟ್ಟದ ಬುಡದಲ್ಲಿ ಕಳೆಯದಂತೆ ನೋಡಿಕೊಳ್ಳಿರೆಂದು ಅವು ಕೇಳಿದರೆ ಅತಿಯಾಯಿತೆನ್ನಲಾಗದು.

೨೦೧೮ರ ಆಗಸ್ಟಿನಲ್ಲಿ ನಡೆದುದನ್ನು ಕೊಡಗು ಮರೆತಿಲ್ಲ. ಮಕ್ಕಂದೂರು, ಮದೆನಾಡು, ಜೋಡುಪಾಲಗಳ ಕಡೆ ಬೆಟ್ಟಗಳು ಕರಗಿ ಹರಿದವು; ಜೀವಗಳು ಹೋದವು; ಮನೆ ತೋಟಗಳು ಹೆಸರಿಲ್ಲದಂತಾದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಭಾರಿ ವಾಹನಗಳಿಗಂತೂ ಅದಕ್ಕಿಂತ ಬಹುಕಾಲ ಮುಚ್ಚಿಯೇ ಇತ್ತು. ಸುಳ್ಯಕ್ಕೆ ಹೋಗಬೇಕಾದವರು ಭಾಗಮಂಡಲ ಕರಿಕೆಗಳ ಮೇಲೆ ಕೇರಳದೊಳಗೆ ಹೊಕ್ಕು ಸುತ್ತಿಹೋದರು. ಮಳೆ ಅಸಾಧಾರಣವಾಗಿತ್ತೆಂಬುದು ನಿಜ. ಆದರೆ ಕುಸಿದ ಸ್ಥಳಗಳನ್ನು ಪರೀಕ್ಷಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ರಸ್ತೆ ಮನೆಗಳಿಗಾಗಿ ಇಳಿಜಾರುಗಳನ್ನು ಕಡಿದು ಮಾರ್ಪಡಿಸಿದ್ದನ್ನು ಕಾರಣಗಳಲ್ಲಿ ಮುಖ್ಯವೆಂದು ಎಣಿಸಿದರು. ಬೆಟ್ಟದ ಪಾದವನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿದರೆ ಅದರ ಭಾರಕ್ಕೆ ಆಧಾರ ತಪ್ಪುವುದು. ನೀರಿನ ಹಳೆಯ ದಾರಿಯನ್ನು ಮುಚ್ಚಿದರೆ ನೀರು ಮಣ್ಣಿನೊಳಗೆ ಇಳಿದು ಅದನ್ನು ಸಡಿಲಿಸುವುದು. ಆಮೇಲೆ ಒಂದು ದೊಡ್ಡ ಮಳೆ ಸಾಕು. ಇದರ ತಾತ್ಪರ್ಯವನ್ನು ನಾವು ಹೀಗೆ ತಿಳಿಯುತ್ತೇವೆ: ಬಯಲುಸೀಮೆಯಲ್ಲಿ ರಸ್ತೆಯನ್ನು ಅಗಲಿಸಿದವನು ದೂರವನ್ನು ಕಡಮೆಮಾಡುತ್ತಾನೆ, ಬೆಟ್ಟದಲ್ಲಿ ವಿವೇಚನೆಯಿಲ್ಲದೆ ಅಗಲಿಸಿದವನು ದೂರವನ್ನು ಹೆಚ್ಚಿಸುತ್ತಾನೆ. ಅರ್ಧ ಗಂಟೆಯ ಉಳಿತಾಯಕ್ಕಾಗಿ ಕಡಿದ ಬೆಟ್ಟವು ಎರಡು ತಿಂಗಳ ದಾರಿಯನ್ನು ಕಸಿದುಕೊಳ್ಳಬಲ್ಲುದು.

ಇಲ್ಲಿಯೇ ವಿಮಾನದ ಇಳಿದಾಣವೊಂದನ್ನು ಮಾಡಿಬಿಟ್ಟರೆ ಎಲ್ಲ ಕಷ್ಟವೂ ಪರಿಹಾರವಾಗುವುದೆಂಬ ವಾದವುಂಟು. ಕುಶಾಲನಗರದ ಬಳಿಯ ಕೂಡಿಗೆಯಲ್ಲಿ ಸಣ್ಣ ವಿಮಾನಗಳ ನಿಲ್ದಾಣವಾಗಬೇಕೆಂಬ ಮಾತು ಹಲವು ಸಲ ಎದ್ದಿದೆ. ಬೆಳಗೊಳದಿಂದ ಕುಶಾಲನಗರಕ್ಕೆ ೮೭ ಕಿಲೋಮೀಟರಿನ ರೈಲುದಾರಿಯ ಯೋಜನೆಯೂ ಕಾಗದದ ಮೇಲೆ ಬಹುಕಾಲದಿಂದ ಓಡುತ್ತಿದೆ. ಇವುಗಳ ಮೇಲೆ ನಮಗೆ ದ್ವೇಷವಿಲ್ಲ. ಆದರೆ ವಿಮಾನಸಂಚಾರವು ಪ್ರಯಾಣಿಕರ ಸಂಖ್ಯೆ, ಇಂಧನದ ಬೆಲೆ, ಸಂಸ್ಥೆಯ ಲಾಭನಷ್ಟಗಳನ್ನು ಅನುಸರಿಸಿ ಆರಂಭವಾಗುವುದು, ಹಾಗೆಯೇ ನಿಲ್ಲುವುದು. ಮಹಾನಗರಗಳ ನಡುವಣ ನೇರ ಸಂಚಾರಗಳಿಗೂ ಈ ವಿಧಿ ತಪ್ಪಿದ್ದಲ್ಲ. ಬೆಟ್ಟದ ಮೂಲೆಯ ಸಣ್ಣ ಇಳಿದಾಣಕ್ಕೆ ತಪ್ಪೀತೆ? ಅದಲ್ಲದೆ, ರಸ್ತೆ ಮುಚ್ಚುವಂಥ ಮಳೆ ಮೋಡಗಳ ದಿನವೇ ಸಣ್ಣ ವಿಮಾನವೂ ಇಳಿಯಲಾರದ ದಿನ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ಇರುವ ಕೂಸಿಗೆ ಹಾಲು ಸಿಕ್ಕಿತೆ ಎಂದು ಕೇಳುವವರೇ ಕಡಮೆ.

ಇನ್ನೊಂದು ಪಕ್ಷವು ಇದಕ್ಕೆ ತದ್ವಿರುದ್ಧವಾದುದು. ದಾರಿ ಸುಲಭವಾದಷ್ಟೂ ಜನಸಂದಣಿ ಹೆಚ್ಚುವುದು, ಕಾಡು ತೋಟಗಳು ವಸತಿಗೃಹಗಳಾಗುವುವು, ಕಾವೇರಿಯ ನೀರು ಬತ್ತುವುದು. ಆದುದರಿಂದ ಕೊಡಗು ದೂರವಾಗಿಯೇ ಇರಲಿ ಎಂದು ಅವರೆನ್ನುತ್ತಾರೆ. ಈ ಭಯವು ನಿರಾಧಾರವಲ್ಲ. ರಜಾದಿನಗಳಲ್ಲಿ ಮಡಿಕೇರಿಯ ಬೀದಿಯಲ್ಲಿ ನಿಂತವರಿಗೆ ಅದನ್ನು ವಿವರಿಸಬೇಕಾಗಿಯೂ ಇಲ್ಲ. ಆದರೆ ಕೆಟ್ಟ ರಸ್ತೆಯು ನೆಲವನ್ನು ಕೊಳ್ಳಲು ಬರುವವನನ್ನು ತಡೆಯುವುದಿಲ್ಲ. ಅವನು ಬೇಸಗೆಯಲ್ಲಿ ಬರುತ್ತಾನೆ. ಅದು ತಡೆಯುವುದು ಮಳೆಗಾಲದಲ್ಲಿ ಆಸ್ಪತ್ರೆಗೆ ಹೊರಟ ಬಸುರಿಯನ್ನು. ಕಾಡು ನೆಲಗಳ ರಕ್ಷಣೆಗೆ ಕಾನೂನು ಬೇಕು. ಕುಸಿದ ರಸ್ತೆಯನ್ನೇ ಕೋಟೆಯೆಂದು ನಂಬುವುದು ವಿವೇಕವಲ್ಲ.

ಈ ಎರಡು ಪಕ್ಷಗಳೂ ವೇಗದ ಮಾತನ್ನೇ ಆಡುತ್ತಿವೆ. ಒಂದಕ್ಕೆ ಅದು ಬೇಕು, ಮತ್ತೊಂದಕ್ಕೆ ಬೇಡ. ನಾವು ಕೇಳುವುದು ವೇಗವನ್ನಲ್ಲ, ನಿಶ್ಚಯವನ್ನು. ಮಡಿಕೇರ‍ಿಯಿಂದ ದೇವನಹಳ್ಳಿಗೆ ಏಳು ಗಂಟೆಯಾದರೆ ಆಗಲಿ; ಆದರೆ ಅದು ಜನವರಿಯಲ್ಲಿಯೂ ಏಳು ಗಂಟೆಯಾಗಿರಲಿ, ಜುಲೈಯಲ್ಲಿಯೂ ಏಳು ಗಂಟೆಯಾಗಿರಲಿ. ಬಡವನು ಎಷ್ಟು ದೀರ್ಘವಾದ ದಾರಿಗೂ ಹೊಂದಿಕೊಳ್ಳಬಲ್ಲನು. ಗೊತ್ತಿಲ್ಲದ ದಾರಿಗೆ ಹೊಂದಿಕೊಳ್ಳಲಾರನು.

ಆದುದರಿಂದ ಸರಕಾರಕ್ಕೂ ಜಿಲ್ಲೆಯ ಅಧಿಕಾರಿಗಳಿಗೂ ನಮ್ಮ ವಿಜ್ಞಾಪನೆಗಳು ಇವು. ಸಂಪಾಜೆ, ಮಾಕುಟ್ಟ, ಕುಶಾಲನಗರ, ಕರಿಕೆ, ಈ ನಾಲ್ಕು ದಾರಿಗಳಲ್ಲಿ ಯಾವ ಹೊತ್ತಿನಲ್ಲಿಯೂ ಎರಡಾದರೂ ತೆರೆದಿರುವಂತೆ ಮುಂಚಿತವಾಗಿ ಏರ್ಪಾಟಿರಲಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಣ್ಣು ತೆಗೆಯುವ ಯಂತ್ರಗಳೂ ಆಳುಗಳೂ ಘಟ್ಟಗಳಲ್ಲಿಯೇ ನೆಲೆಸಿರಲಿ. ಮಳೆಗಾಲಕ್ಕೆ ಮೊದಲು ಮೋರಿಗಳನ್ನು ಬಿಡಿಸಿ, ನೀರಿಗೆ ಅದರ ಹಳೆಯ ದಾರಿಯನ್ನು ಬಿಟ್ಟುಕೊಡಲಿ. ಬೆಟ್ಟವನ್ನು ನೆಟ್ಟಗೆ ಕಡಿಯುವ ಯಾವ ಕಾಮಗಾರಿಗೂ ಭೂವಿಜ್ಞಾನಿಗಳ ಒಪ್ಪಿಗೆಯಿಲ್ಲದೆ ಅನುಮತಿ ದೊರೆಯದಿರಲಿ. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ, ಎಷ್ಟು ಹೊತ್ತು ಹಿಡಿದೀತು ಎಂಬುದನ್ನು ಪ್ರತಿದಿನ ಬೆಳಿಗ್ಗೆ ಸಂಜೆ ಅಧಿಕಾರದ ಮಾತಾಗಿ ಕನ್ನಡದಲ್ಲಿ ಪ್ರಕಟಿಸಲಿ. ಗಾಳಿಸುದ್ದಿಯನ್ನು ನಂಬಿ ಹೊರಡುವ ಗತಿ ಪ್ರಯಾಣಿಕನಿಗೆ ಬಾರದಿರಲಿ. ಕೇರಳ ಸರಕಾರದೊಡನೆ ಮಾತಾಡಿ, ಗಡಿಯ ಬಾಗಿಲು ಯಾವ ಕಾರಣದಿಂದ ಮುಚ್ಚಿದರೂ ರೋಗಿಗಳಿಗೂ ಸಾವಿನ ಮನೆಗೆ ಹೊರಟವರಿಗೂ ಮಾಕುಟ್ಟದಲ್ಲಿ ದಾರಿ ಸಿಗುವಂತೆ ಶಾಶ್ವತವಾದ ಕರಾರು ಮಾಡಿಕೊಳ್ಳಲಿ. ರೈಲು ಬರುವುದಾದರೆ ಬರುವ ವರ್ಷವನ್ನು ಹೇಳಲಿ. ಬಾರದಾದರೆ ಅದನ್ನೂ ಹೇಳಲಿ. ಇವುಗಳಲ್ಲಿ ಯಾವುದಕ್ಕೂ ಉತ್ತರ ಧ್ರುವವನ್ನು ದಾಟುವಷ್ಟು ಸಾಹಸ ಬೇಕಾಗಿಲ್ಲ.

ನಾಡಿನ ಮಹಾಜನರಿಗೂ ನಮ್ಮ ಒಂದು ಮಾತುಂಟು. ಚುನಾವಣೆಯ ಕಾಲದಲ್ಲಿ ನಿಮ್ಮ ಬಾಗಿಲಿಗೆ ಬಂದವರು ವಿಮಾನ ತರುತ್ತೇವೆಂದರೆ ಸಂತೋಷಪಡಿರಿ. ಆದರೆ ಆಷಾಢದಲ್ಲಿ ಸಂಪಾಜೆ ತೆರೆದಿರುವುದೆ ಎಂದು ಮೊದಲು ಕೇಳಿರಿ. ಹದಿನಾಲ್ಕು ಸಾವಿರ ಕಿಲೋಮೀಟರನ್ನು ಎಲ್ಲಿಯೂ ನಿಲ್ಲದೆ ದಾಟುವುದನ್ನು ಕಲಿತ ದೇಶಕ್ಕೆ ಘಟ್ಟವೊಂದನ್ನು ಮಳೆಯಲ್ಲಿ ಕಾಪಾಡಿಕೊಳ್ಳುವುದು ಅಸಾಧ್ಯವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವವರಲ್ಲ; ವಾಚಕರೂ ಒಪ್ಪಬಾರದು.